ಧ್ರುವ ನಕ್ಷತ್ರವಿಲ್ಲದ ಆಕಾಶದಲ್ಲಿ ಬೆಂಗಳೂರಿನ ಹಲಗೆ

ಬೆಂಗಳೂರಿನ ತಾರಸಿಯಲ್ಲಿ ಬಳಸುತ್ತಿದ್ದ ಬಾರ್ನ್‌ಡೋರ್ ಟ್ರ್ಯಾಕರನ್ನು ಕೆಲಸದ ನಿಮಿತ್ತ ಸಿಡ್ನಿಗೆ ಹೊರಟಾಗ ಜೊತೆಗೆ ಒಯ್ಯುತ್ತೇನೆಂದೆ. ಹಿಂಜಿನಿಂದ ಜೋಡಿಸಿದ ಎರಡು ಹಲಗೆಗಳ ಈ ಸಾಧನ, ಹಿಂಜಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ನೆಟ್ಟರೆ, ಕ್ಯಾಮೆರಾವನ್ನು ಆಕಾಶದ ವೇಗದಲ್ಲೇ ತಿರುಗಿಸಿ ಚಿತ್ರದಲ್ಲಿ ನಕ್ಷತ್ರಗಳು ಗೆರೆಯಾಗದಂತೆ ಕಾಯುತ್ತದೆ. ಗೆಳೆಯರು ಯಾರೂ ಒಪ್ಪಲಿಲ್ಲ. ದಕ್ಷಿಣ ಧ್ರುವದ ಹತ್ತಿರವಿರುವ ಸಿಗ್ಮಾ ಆಕ್ಟಾಂಟಿಸ್ ತಾರೆ ಸುಮಾರು 5.5 ಕಾಂತಿಮಾನದಷ್ಟು ಮಸುಕಾದದ್ದು, ಊರಿನ ಬೆಳಕಿನಲ್ಲಿ ಕಾಣುವುದೇ ಇಲ್ಲ, ಅಕ್ಷವನ್ನು ಯಾವುದಕ್ಕೆ ಹೊಂದಿಸುತ್ತೀರಿ ಎಂದು ಕೇಳಿದರು. ಆದರೆ ಬೆಂಗಳೂರಿನಲ್ಲಿಯೂ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿರುತ್ತದೆ, ಜಯನಗರದ ನಮ್ಮ ಮನೆಗೆ ಅದು ಎದುರಿನ ಅಪಾರ್ಟ್‌ಮೆಂಟಿನ ಹಿಂದೆ ಮರೆಯಾಗಿ ವರ್ಷಗಳೇ ಆಗಿದ್ದವು. ಧ್ರುವವನ್ನು ನೋಡದೆ ಅಕ್ಷ ಹೊಂದಿಸುವುದನ್ನು ನಾನು ಇಲ್ಲಿಯೇ ರೂಢಿಸಿಕೊಂಡಿದ್ದೆ.

ಹಲಗೆಗೆ ಒಟ್ಟು ಎರಡೂವರೆ ಸಾವಿರ ರೂಪಾಯಿ ಖರ್ಚಾಗಿರಬೇಕು. ಎಸ್.ಪಿ. ರಸ್ತೆಯಲ್ಲಿ ಮೊದಲು ಕೊಂಡ ಡಿಸಿ ಗೇರ್ ಮೋಟಾರ್ ಬ್ಯಾಟರಿ ಇಳಿದಂತೆ ನಿಧಾನವಾಗುತ್ತಿದ್ದುದರಿಂದ ಆ ನಾನೂರು ರೂಪಾಯಿ ವ್ಯರ್ಥವಾಯಿತು, ಬಳಿಕ ಹೆಜ್ಜೆ ಹೆಜ್ಜೆಯಾಗಿ ನಿಖರ ವೇಗದಲ್ಲಿ ತಿರುಗುವ ಸ್ಟೆಪ್ಪರ್ ಮೋಟಾರ್ ಹಾಕಿದೆ. ಹಲಗೆಯನ್ನು ತೆರೆಯುವ ಎಂ6 ತಿರುಪಿನ ರಾಡಿಗೆ ಹಿಂಜಿನಿಂದ 228.5 ಮಿ.ಮೀ. ದೂರ, ನಿಮಿಷಕ್ಕೆ ಒಂದು ಸುತ್ತು. ದಕ್ಷಿಣಕ್ಕೆ ಮುಖ ಮಾಡಿದರೆ ಆಕಾಶ ಗಡಿಯಾರದ ದಿಕ್ಕಿಗೆ ತಿರುಗುವುದರಿಂದ, ಅಲ್ಲಿ ಹಲಗೆಯನ್ನು ಮೊದಲೇ ತೆರೆದಿಟ್ಟು ಮೋಟಾರನ್ನು ಹಿಮ್ಮುಖವಾಗಿ ಓಡಿಸಿ ಮುಚ್ಚುತ್ತಾ ಬಂದೆ. ಮರಗೆಲಸದಲ್ಲಿ ಏನನ್ನೂ ಬದಲಿಸಬೇಕಾಗಲಿಲ್ಲ.

ಕಾಡಿದ್ದು ದಿಕ್ಸೂಚಿ. ನಮ್ಮಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿ ಅಂತರವಿದ್ದರೆ ಸಿಡ್ನಿಯಲ್ಲಿ ಅದು ಪೂರ್ವಕ್ಕೆ ಸುಮಾರು 13 ಡಿಗ್ರಿ, ಅಂದರೆ ನಿಜವಾದ ದಕ್ಷಿಣ ಸಿಗುವುದು ದಿಕ್ಸೂಚಿಯ 167 ಡಿಗ್ರಿಯಲ್ಲಿ. ಬಾಲ್ಕನಿಯ ಕಬ್ಬಿಣದ ಕಂಬಿಯ ಪಕ್ಕದಲ್ಲಿ ಆ ಲೆಕ್ಕವೂ ನಿಲ್ಲದೆ ಹಲವು ರಾತ್ರಿಗಳ ಚಿತ್ರಗಳೆಲ್ಲ ಗೆರೆಗಳಾದವು. ಕೊನೆಗೆ ಅಕ್ಷದ ಇಳಿಜಾರನ್ನು ಫೋನಿನಿಂದ ಸಿಡ್ನಿಯ ಅಕ್ಷಾಂಶವಾದ 34 ಡಿಗ್ರಿಗೆ ನಿಲ್ಲಿಸಿ, ದಿಕ್ಕಿಗೆ ಡ್ರಿಫ್ಟ್ ವಿಧಾನವನ್ನೇ, ಅಂದರೆ ತಾರೆ ಎತ್ತ ಜಾರುತ್ತದೆಂದು ನೋಡಿ ಅಕ್ಷವನ್ನು ತಿದ್ದುವುದನ್ನೇ ನೆಚ್ಚಿದೆ. ಮಹಾವ್ಯಾಧನ (ಓರಿಯನ್) ನಡುಪಟ್ಟಿಯ ಮಿಂಟಾಕಾ ಆಕಾಶದ ವಿಷುವದ್ವೃತ್ತದ ಮೇಲೆಯೇ ಇರುವಂತಿದ್ದು ಎರಡೂ ಊರುಗಳಿಗೆ ಒದಗುವ ತಾರೆ. ಅದು ಮಧ್ಯಾಹ್ನರೇಖೆಗೆ, ಅಂದರೆ ನೆತ್ತಿಯ ಮೂಲಕ ಹಾಯುವ ಉತ್ತರ-ದಕ್ಷಿಣ ಗೆರೆಗೆ ಬಂದಾಗ ಎರಡು ನಿಮಿಷದ ಚಿತ್ರ ತೆಗೆದು, ತೆರೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಚುಕ್ಕೆ ಯಾವ ಕಡೆಗೆ ಎಳೆದುಕೊಂಡಿದೆಯೆಂದು ನೋಡುತ್ತಿದ್ದೆ. ತಾರೆ ದಕ್ಷಿಣಕ್ಕೆ ಜಾರಿದರೆ ಬೆಂಗಳೂರಿನಲ್ಲಿ ಅಕ್ಷದ ಧ್ರುವದ ತುದಿಯನ್ನು ಪಶ್ಚಿಮಕ್ಕೆ ತಳ್ಳುತ್ತೇವೆ, ಅಲ್ಲಿ ಪೂರ್ವಕ್ಕೆ ತಳ್ಳಬೇಕು. ಗೆರೆಯ ಉದ್ದದಿಂದ ಎಷ್ಟು ತಳ್ಳಬೇಕೆಂದು ಒಂದೇ ಸಲಕ್ಕೆ ಹೇಳುವ ಕೋಷ್ಟಕವೊಂದನ್ನು ಮಾಡಿಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ನಡುವೆ 135 ಮಿ.ಮೀ. ಲೆನ್ಸಿನಲ್ಲಿ ತ್ರಿಶಂಕುವನ್ನೂ ಪ್ರಯತ್ನಿಸಿದೆ. ಬೆಂಗಳೂರಿನಲ್ಲಿ 17 ಡಿಗ್ರಿಯಾಚೆ ಏರದೆ ಧೂಳಿನಲ್ಲಿ ಮಸುಕಾಗುವ ಆ ನಕ್ಷತ್ರಪುಂಜ ಅಲ್ಲಿ ಸುಮಾರು 64 ಡಿಗ್ರಿಯವರೆಗೆ ಏರುತ್ತದೆ. ಆದರೆ ರಾಡಿನ ಸಣ್ಣ ಬಾಗು ಆ ಲೆನ್ಸಿಗೆ ಎದ್ದು ಕಾಣುವುದರಿಂದ ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ದಕ್ಕಲಿಲ್ಲ.

ಫೆಬ್ರವರಿಯಲ್ಲಿ ಸಿಡ್ನಿಯ ಪಶ್ಚಿಮದ ಬೆಟ್ಟದೂರು ಕಟೂಂಬಾದ ಕತ್ತಲಲ್ಲಿ 50 ಮಿ.ಮೀ. ಲೆನ್ಸಿನಿಂದ ನಮ್ಮ ನೆರೆಯ ಪುಟ್ಟ ಗ್ಯಾಲಕ್ಸಿಯಾದ ದೊಡ್ಡ ಮೆಜೆಲ್ಯಾನಿಕ್ ಮೋಡವನ್ನು ಹಿಡಿದೆ. ಎರಡು ನಿಮಿಷದ ಹತ್ತು ಚಿತ್ರಗಳಲ್ಲಿ ಏಳೆಂಟು ಉಪಯೋಗಕ್ಕೆ ಬಂದವು. ಸಂಸ್ಕರಿಸದ ಮೂಲ ಫೈಲುಗಳನ್ನೇ ಗೆಳೆಯರಿಗೆ ಕಳಿಸಿದೆ. ಅಂಚಿನ ತಾರೆಗಳೂ ಚುಕ್ಕೆಯಾಗಿಯೇ ಇರುವುದನ್ನು ಕಂಡ ಮೇಲೆ ಅವರು ಈಗ ಹಲಗೆಯ ಅಳತೆ ಕೇಳುತ್ತಿದ್ದಾರೆ.