ಕುಡಿತ ಬಿಡುವವರ ಮೊದಲ ನಾಲ್ಕು ದಿನ: ಮನೆಯವರು ಏನು ಮಾಡಬೇಕು?

ದಾವಣಗೆರೆಯ ದುಗ್ಗಮ್ಮನ ಜಾತ್ರೆಯೋ ನಾಯಕನಹಟ್ಟಿಯ ತೇರೋ ಬಂದಾಗ, ದೇವರ ಮುಂದೆ ಆಣೆ ಮಾಡಿಸಿ ಅಂದಿನಿಂದಲೇ ಕುಡಿತ ಬಿಡಿಸುವ ಮನೆಗಳು ನಮ್ಮ ಭಾಗದಲ್ಲಿ ಬಹಳ. ಆಣೆಯ ಹಿಂದಿನ ಸಂಕಲ್ಪವನ್ನು ಗೌರವಿಸೋಣ. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಬರಬಹುದೆಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ಆದ್ದರಿಂದ ಮೊದಲ ಹೆಜ್ಜೆ, ನಿಲ್ಲಿಸುವ ಮುನ್ನವೇ ವೈದ್ಯರನ್ನು ಕಾಣುವುದು. ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯ, ಚಿತ್ರದುರ್ಗದವರು ತಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೇಳಬಹುದು. ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮನಸ್ 14416ಕ್ಕೆ ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿದರೆ ಹಣ ಕೊಡಬೇಕಿಲ್ಲ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಎರಡನೆಯದೇ ಕಠಿಣವಾದ ಹಂತ. ಮದ್ಯದ ಮಂಪರನ್ನು ಎದುರಿಸಿ ಎಚ್ಚರವಾಗಿರಲು ಒಗ್ಗಿಕೊಂಡ ಮೆದುಳು, ಮದ್ಯ ಏಕಾಏಕಿ ನಿಂತಾಗ ಹತೋಟಿ ಮೀರಿ ಉದ್ರೇಕಗೊಳ್ಳುತ್ತದೆ. ಕೊನೆಯ ಬಾರಿ ಕುಡಿದ ಆರೆಂಟು ಗಂಟೆಗಳಲ್ಲೇ ಕೈ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿದಂತಾಗಿ, ಇಲ್ಲದ ಹುಳುಗಳು ಮೈಮೇಲೆ ಹರಿದಂತೆ ಕಾಣುತ್ತವೆ, ಹಗಲು ರಾತ್ರಿಯ ಪರಿವೆ ಇರುವುದಿಲ್ಲ. ಇದನ್ನು ಗಾಳಿ ಸೋಂಕೆಂದು ತಿಳಿದು ಯಂತ್ರ ಕಟ್ಟಿಸಲು ಓಡಾಡಬೇಡಿ, ಕೋಣೆಯಲ್ಲಿ ಕೂಡಿಹಾಕಲೂ ಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಫಿಟ್ಸ್ ಬಂದಾಗ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕೇ ಹೊರತು ಬಾಯಿಗೆ ನೀರನ್ನಾಗಲಿ, ಕೈಗೆ ಕಬ್ಬಿಣವನ್ನಾಗಲಿ ಕೊಡಬಾರದು. ಸುಸ್ತೆಂದು ಗ್ಲೂಕೋಸ್ ಹಾಕಿಸಲು ಹೋದರೆ ರೋಗಿ ಕುಡಿಯುತ್ತಿದ್ದವರೆಂದು ತಪ್ಪದೆ ಹೇಳಿ: ಇವರಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬಹಳ ಕಡಿಮೆಯಾಗಿರುವ ಸಂಭವವಿದ್ದು, ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಹಾನಿಯಾಗಬಹುದು. ವೈದ್ಯರು ಬರೆದ ಶಮನದ ಮಾತ್ರೆಗಳು ಮನೆಯವರ ಕೈಯಲ್ಲಿರಲಿ; ಅವುಗಳ ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಬೇಕಾಗುತ್ತದೆ.

‘ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ’ ಎಂದು ಮಾರುವ ಪುಡಿಗಳನ್ನು ಖಂಡಿತ ಕೊಳ್ಳಬೇಡಿ. ಕುಡಿದರೆ ವಾಂತಿ, ಎದೆಬಡಿತ ತರುವ ಡೈಸಲ್ಫಿರಾಂ ಎಂಬ ಔಷಧವನ್ನು ರೋಗಿಯ ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲೇ ಕೊಡಬೇಕು. ಅದನ್ನು ಗುಟ್ಟಾಗಿ ಕೊಟ್ಟಾಗ ಅವರು ಕುಡಿದುಬಿಟ್ಟರೆ ಪ್ರಾಣಕ್ಕೆ ಕುತ್ತು ಬರಬಹುದು.

ಊಟ, ನಿದ್ದೆಗಳು ನಿಧಾನವಾಗಿ ಸರಿಹೋಗುತ್ತವೆ. ಮುಂದಿನ ತಿಂಗಳುಗಳಲ್ಲಿ ಅಡಿಕೆ, ಮೆಕ್ಕೆಜೋಳದ ದುಡ್ಡು ಕೈಸೇರುವ ದಿನಗಳ ಬಗ್ಗೆ ಮೊದಲೇ ಕೂತು ಮಾತಾಡಿ, ಹಣವನ್ನು ಯಾರು ನೋಡಿಕೊಳ್ಳಬೇಕೆಂದು ಅವರ ಬಾಯಿಂದಲೇ ಹೇಳಿಸಿ. ಹಳೆಯ ಸಾಲದ, ಅವಮಾನದ ಲೆಕ್ಕವನ್ನು ಈಗ ತೆಗೆಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮತ್ತೆ ಕುಡಿದು ಬಂದರೆ ಆ ರಾತ್ರಿ ಜಗಳ ಬೇಡ. ಬೆಳಗ್ಗೆ ಹಳೆಯ ಚೀಟಿ ಹಿಡಿದು ಅದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಲವು ದಿನ ಸತತ ಕುಡಿದು ಮತ್ತೆ ನಿಲ್ಲಿಸುವುದಾದರೆ ಮೇಲೆ ಹೇಳಿದ ನಾಲ್ಕು ದಿನಗಳ ಕಾವಲನ್ನು ಮೊದಲಿನಿಂದ ಕಾಯಬೇಕು, ಏಕೆಂದರೆ ಹಿಂದೊಮ್ಮೆ ಫಿಟ್ಸ್ ಬಂದವರಿಗೆ ಮರಳಿ ಬರುವ ಸಂಭವ ಹೆಚ್ಚು.