ಹಿರಿಯರು ಬಿಟ್ಟುಹೋದ ಹಳೆಯ ರೈಫಲ್: ಬೆಲೆ ಕಟ್ಟುವುದು, ಮಾರುವುದು

ಮನೆಯ ಹಿರಿಯರು ತೀರಿಕೊಂಡ ಮೇಲೆ ಬೀರುವಿನಲ್ಲಿ ಉಳಿದ ಕೋವಿಗಳನ್ನು ನೋಡಿದಾಗ ಎಲ್ಲರೂ ಮೊದಲು ಕೇಳುವುದು 'ಇದು ಯಾವ ಕಂಪನಿಯದು?' ಎಂದು. ನಮ್ಮ ದೇಶದ ಮಟ್ಟಿಗೆ ಈ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ಕಾಗದಪತ್ರ, ಆಮೇಲೆ ಕ್ಯಾಲಿಬರ್ (ನಳಿಗೆಯ ಒಳ ಅಳತೆ), ಆಮೇಲೆ ನಳಿಗೆಯ ಸ್ಥಿತಿ, ಅವೆಲ್ಲ ಆದ ಮೇಲೆ ಹೆಸರು. ಕಾಗದವಿಲ್ಲದ ಇಂಗ್ಲಿಷ್ ಜೋಡಿ ನಳಿಗೆ ರೈಫಲ್‌ಗೆ ಇಲ್ಲಿ ಬೆಲೆಯೇ ಇಲ್ಲ. ಅದು ಕೇಸಿಗೆ ದಾರಿ ಅಷ್ಟೆ.

ಲೈಸೆನ್ಸ್ ಇರುವುದು ವ್ಯಕ್ತಿಗೆ, ಮನೆಗಲ್ಲ. ಲೈಸೆನ್ಸ್‌ದಾರರು ತೀರಿಕೊಂಡರೆ, ಆಸ್ತಿಯ ಜೊತೆ ಕೋವಿಯೂ ತಾನಾಗಿ ಮಕ್ಕಳ ಪಾಲಿಗೆ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಡೀಲರ್ ಬಳಿಯೋ ಠೇವಣಿ ಇಡಬೇಕು. ಹಾಗೆ ಇಟ್ಟದ್ದನ್ನು ವಾರಸುದಾರರು ಲೈಸೆನ್ಸ್ ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೇ ಅರ್ಹರಿಗೆ ಮಾರಿ ಹಣ ಪಡೆಯಬಹುದು. ಅದಕ್ಕೂ ಅವಧಿಯಿದೆ. ಅವಧಿ ಮೀರಿದರೆ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ.

ಆಯ್ಕೆ ಇದ್ದರೆ ಡೀಲರ್ ಬಳಿ ಇಡಿ. ಠಾಣೆಯ ಉಗ್ರಾಣದಲ್ಲಿ ಎಣ್ಣೆ ಹಚ್ಚುವವರು ಇರುವುದಿಲ್ಲ. ಮಲೆನಾಡಿನಲ್ಲಿ ಒಂದು ಮಳೆಗಾಲ ಹಾಗೆ ಕಳೆದರೆ ಸಾಕು, ನಳಿಗೆಯ ಒಳಗೆ ತುಕ್ಕು ಕೂತಿರುತ್ತದೆ. ಚುನಾವಣೆಯ ಸಮಯದಲ್ಲಿ ಕೋವಿಯನ್ನು ಠಾಣೆಯಲ್ಲಿ ಇಟ್ಟು ವಾಪಸ್ ತಂದವರಿಗೆ ಇದು ಗೊತ್ತು. ಎಲ್ಲೇ ಇಡಿ, ರಸೀದಿಯಲ್ಲಿ ತಯಾರಕರ ಹೆಸರು, ಕ್ಯಾಲಿಬರ್, ಸೀರಿಯಲ್ ನಂಬರ್ ಬರೆಸಿಕೊಳ್ಳಿ. 'ಒಂದು ಹಳೆಯ ಬಂದೂಕು' ಎಂದಷ್ಟೇ ಬರೆದ ರಸೀದಿ ಮುಂದೆ ಕೆಲಸಕ್ಕೆ ಬಾರದು. ಮನೆಯಿಂದ ಹೊರಡಿಸುವ ಮೊದಲೇ ಠಾಣೆಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ತೆಗೆದುಕೊಳ್ಳಿ. ಲೈಸೆನ್ಸ್ ಇಲ್ಲದವರು ಕಾರಿನಲ್ಲಿ ಕೋವಿ ಹಾಕಿಕೊಂಡು ಊರೂರು ಬೆಲೆ ಕೇಳುತ್ತಾ ಹೋಗುವುದು ಅಪರಾಧ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ ಕನಿಷ್ಠ 2 ವರ್ಷ ಸೆರೆ.

ಅದೇ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಇದೇ ಲೆಕ್ಕ. ಅಜ್ಜ ಐದು ಬಿಟ್ಟುಹೋಗಿದ್ದರೆ ಒಬ್ಬ ಮೊಮ್ಮಗ ಐದನ್ನೂ ಉಳಿಸಿಕೊಳ್ಳಲಾಗದು. ಯಾವ ಎರಡು ಯಾರಿಗೆ, ಯಾವುದು ಮಾರಾಟಕ್ಕೆ ಎಂದು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಬೇಕು. ಅರ್ಜಿ ಕೊಡುವುದು ಜಿಲ್ಲಾಧಿಕಾರಿ ಕಚೇರಿಗೆ. ಪೊಲೀಸ್ ಕಮಿಷನರೇಟ್ ಇರುವ ನಗರವಾದರೆ ಕಮಿಷನರ್ ಕಚೇರಿಗೆ. ಮರಣ ಪ್ರಮಾಣಪತ್ರ, ಮೂಲ ಲೈಸೆನ್ಸ್ ಪುಸ್ತಕ, ವಂಶವೃಕ್ಷ, ಉಳಿದ ವಾರಸುದಾರರ ನಿರಾಕ್ಷೇಪಣೆಯ ಅಫಿಡವಿಟ್, ಠೇವಣಿ ರಸೀದಿ ಇಷ್ಟನ್ನು ಮೊದಲೇ ಜೋಡಿಸಿಕೊಳ್ಳಿ. ಹೆಚ್ಚಿನ ಕಡತಗಳು ನಿಲ್ಲುವುದು ನಿರಾಕ್ಷೇಪಣೆಯಲ್ಲಿ: ಮದುವೆಯಾಗಿ ಹೋದ ಅತ್ತೆಯ ಸಹಿ, ಅಮೆರಿಕದಲ್ಲಿರುವ ತಮ್ಮನ ಸಹಿ ಬಿಟ್ಟುಹೋಗಿರುತ್ತದೆ. ಹಿರಿಯರು ಇನ್ನೂ ಇದ್ದಾರೆಂದರೆ ಇದನ್ನೆಲ್ಲ ಹಗುರ ಮಾಡಿಕೊಳ್ಳಬಹುದು. ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ 25 ವರ್ಷದಿಂದ ಅವರ ಹೆಸರಿನಲ್ಲಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ನಡೆದುಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಇದು ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ, ಬೇಕಾದವರಿಗೆ ಮಾರಲು ಸಿಕ್ಕ ರಹದಾರಿಯಲ್ಲ. ಕೊಳ್ಳುವವರಿಗೆ ಲೈಸೆನ್ಸ್ ಇರಲೇಬೇಕು, ಅಥವಾ ಅವರದೇ ವಿನಾಯಿತಿ ಇರಬೇಕು.

ನೂರು ವರ್ಷ ದಾಟಿದ ಕೋವಿಗೆ ಲೈಸೆನ್ಸ್ ಬೇಡ ಎಂಬ ಮಾತು ಎಲ್ಲೆಡೆ ಇದೆ. ತಪ್ಪು. ಕಾಯ್ದೆಯ 45ನೇ ಕಲಂ ಬಿಡುವುದು ರಿಪೇರಿ ಮಾಡಿದರೂ ಹಾರದಂಥ ಹಳೆಯ ಆಯುಧವನ್ನು ಮಾತ್ರ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೂ, ಅದು ಈಡು ಹಾರುವಂತಿದ್ದರೆ, ಲೈಸೆನ್ಸ್ ಬೇಕು.

ಇನ್ನು ಕೋವಿಯನ್ನೇ ನೋಡೋಣ. ಮುಟ್ಟುವ ಮೊದಲು ಖಾಲಿ ಎಂದು ಖಾತ್ರಿ ಮಾಡಿಕೊಳ್ಳಬೇಕು. ಬೋಲ್ಟ್ ರೈಫಲ್ ಆದರೆ ಬೋಲ್ಟ್ ಹಿಂದಕ್ಕೆ ಎಳೆದು ಮ್ಯಾಗಜಿನ್ ನೋಡಿ, ಬೆರಳು ಹಾಕಿ, ತೋಟ (ಕಾರ್ಟ್ರಿಜ್) ಕೂರುವ ಚೇಂಬರ್ ಮುಟ್ಟಿ ನೋಡಿ. ಕೇಪಿನ ಕೋವಿಯಲ್ಲಿ ಅಪಾಯ ಹೆಚ್ಚು. ಅಜ್ಜ ಮದ್ದು, ಗುಂಡು ಗಿಡಿದಿಟ್ಟದ್ದು ಐವತ್ತು ವರ್ಷ ಹಾಗೇ ಇರಬಹುದು, ಮದ್ದಿಗೆ ಇನ್ನೂ ಜೀವ ಇರಬಹುದು. ಬಾಯಿಗೆ ಎದುರಾಗಿ ನಿಲ್ಲದೆ ಒಂದು ಮರದ ಕಡ್ಡಿಯನ್ನು ನಳಿಗೆಯೊಳಗೆ ತಳ ಮುಟ್ಟುವ ತನಕ ಇಳಿಸಿ. ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗುರುತು ಹಾಕಿ. ಹೊರತೆಗೆದು, ಗುರುತನ್ನು ಬಾಯಿಗೆ ಸರಿಯಾಗಿ ಹಿಡಿದು ನಳಿಗೆಯ ಹೊರಮೈಗೆ ಒರಗಿಸಿ. ಕಡ್ಡಿಯ ತುದಿ ಕೇಪು ಕೂರುವ ಮೊಳೆಯ ಹತ್ತಿರ ಬರಬೇಕು. ಎರಡು ಮೂರು ಬೆರಳಿನಷ್ಟು ಮುಂಚೆಯೇ ನಿಂತರೆ ಒಳಗೆ ಈಡು ಇದೆ ಎಂದುಕೊಳ್ಳಿ. ಕೆದಕಬೇಡಿ. ಕೋವಿ ರಿಪೇರಿ ಬಲ್ಲವರೇ ತೆಗೆಯಬೇಕು.

ಎರಡನೆಯ ಎಚ್ಚರಿಕೆ ಹಣಕ್ಕೆ ಸಂಬಂಧಿಸಿದ್ದು: ಹೊಳಪು ಕೊಡಬೇಡಿ. ಮರಳುಕಾಗದ, ಬ್ರಾಸೋ, ಮರಕ್ಕೆ ವಾರ್ನಿಷ್, ನಳಿಗೆಗೆ ಹೊಸ ಬಣ್ಣ ಇವುಗಳಲ್ಲಿ ಯಾವುದೇ ಒಂದು ಸಾಕು ಕೋವಿಯ ಬೆಲೆ ಕೆಡಿಸಲು. ಸವೆದುಹೋದ ಕೆತ್ತನೆ, ಕಾರ್ಖಾನೆಯ ಮೂಲ ಬಣ್ಣ ಮತ್ತೆ ಬರುವುದಿಲ್ಲ. ತೆಳು ಎಣ್ಣೆಯಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಚರ್ಮದ ಚೀಲದಲ್ಲಿದ್ದರೆ ಹೊರಗೆ ತೆಗೆಯಿರಿ. ಚರ್ಮ ತೇವ ಹಿಡಿದಿಡುತ್ತದೆ, ತುಕ್ಕು ಶುರುವಾಗುವುದೇ ಅಲ್ಲಿ. ಮನೆಯ ಸ್ಕ್ರೂಡ್ರೈವರ್ ಹಾಕಿ ಬಿಚ್ಚಬೇಡಿ. ಒಳ್ಳೆಯ ಕೋವಿಗಳ ಸ್ಕ್ರೂಗಳ ತಲೆಯ ಸೀಳು ಕೂದಲೆಳೆಯಷ್ಟು ಸಣ್ಣ. ಅದು ಕಿತ್ತುಹೋಗಿದ್ದರೆ ಬಲ್ಲವರು ಒಂದೇ ನೋಟಕ್ಕೆ 'ಯಾರೋ ಕೈ ಹಾಕಿದ್ದಾರೆ' ಎನ್ನುತ್ತಾರೆ.

ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತುಗಳನ್ನು ಓದುವುದು ಹೀಗೆ. ಮಡಚುವ ಜೋಡಿ ನಳಿಗೆಯಾದರೆ ಮುಂಭಾಗದ ಮರ ತೆಗೆದು, ಕೀಲು ತೆರೆದು, ನಳಿಗೆ ಬಿಡಿಸಿ ತಳಭಾಗದ ಚಪ್ಪಟೆ ಜಾಗ ನೋಡಿ. ಬೋಲ್ಟ್ ರೈಫಲ್‌ನಲ್ಲಿ ಚೇಂಬರಿನ ಮೇಲೆ, ಪಕ್ಕದಲ್ಲಿ ನೋಡಿ. ಕಿರೀಟದ ಕೆಳಗೆ ಬಿವಿ, ಬಿಪಿ, ಎನ್‌ಪಿ ಅಕ್ಷರಗಳಿದ್ದರೆ ಅದು 1904ರ ನಂತರ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದದ್ದು. ಕಿರೀಟದ ಜೊತೆ ಅಡ್ಡಡ್ಡ ರಾಜದಂಡಗಳಿದ್ದರೆ 1904ಕ್ಕಿಂತ ಹಿಂದಿನದು. ಕತ್ತಿ ಹಿಡಿದ ತೋಳಿನ ಕೆಳಗೆ ಎನ್‌ಪಿ ಎಂದಿದ್ದರೆ ಲಂಡನ್ನಿನದು. ಎನ್‌ಪಿ ಎಂದರೆ ನೈಟ್ರೋ, ಅಂದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಎಂದು. ಈ ಗುರುತಿಲ್ಲದ 'ಎಕ್ಸ್‌ಪ್ರೆಸ್' ರೈಫಲ್ ಬಹುಪಾಲು ಕಪ್ಪು ಮದ್ದಿನದು. ಅದಕ್ಕೆ ಈಗಿನ ತೋಟ ಹಾಕಿದರೆ ನಳಿಗೆ ಸಿಡಿಯಬಹುದು. 'ಕಾರ್ಡೈಟ್ 75-500' ಎಂಬಂಥ ಬರಹ ಕಂಡರೆ ಅದು ಮದ್ದಿನ ಮತ್ತು ಗುಂಡಿನ ತೂಕ, ಗ್ರೇನ್ ಲೆಕ್ಕದಲ್ಲಿ. ಈ ಜೋಡಿ .470 ರೈಫಲ್‌ನದು.

ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಮ್ಯಾಂಟನ್, ರೋಡ್ಡಾ, ಲಿಯಾನ್ ಅಂಡ್ ಲಿಯಾನ್ ಎಂಬ ಕಲ್ಕತ್ತಾ ಹೆಸರುಗಳಿದ್ದರೆ ಅದು ಮಾರಿದ ಅಂಗಡಿ. ಮಾಡಿದವರು ಬಹುತೇಕ ಬರ್ಮಿಂಗ್‌ಹ್ಯಾಮ್‌ನ ಬೇರೆ ಯಾರೋ. ಹಾಲೆಂಡ್ ಅಂಡ್ ಹಾಲೆಂಡ್, ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್, ಪರ್ಡಿ ಹೆಸರಿದ್ದರೆ ಸೀರಿಯಲ್ ನಂಬರ್ ಕಳಿಸಿ ಕಂಪನಿಯಿಂದಲೇ ದಾಖಲೆ ಪತ್ರ ತರಿಸಿ. ಹಳೆಯ ಲೆಡ್ಜರ್‌ಗಳು ಅವರಲ್ಲಿವೆ, ಶುಲ್ಕ ತೆತ್ತರೆ ಹುಡುಕಿ ಕೊಡುತ್ತಾರೆ. ನಳಿಗೆ, ಕೀಲು, ಮುಂಭಾಗದ ಮರ ಮೂರರಲ್ಲೂ ಒಂದೇ ನಂಬರ್ ಇರಬೇಕು. ಇಲ್ಲವಾದರೆ ಬೆಲೆ ಇಳಿಯುತ್ತದೆ.

ಕ್ಯಾಲಿಬರ್‌ನಲ್ಲಿ ಇಡೀ ಮಾರಾಟ ನಿಂತಿದೆ. .303 ಮತ್ತು 7.62 ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ನಿಷೇಧಿಸಿದ ಅಳತೆ. ಇವುಗಳ ವಿಚಾರ ಕೇಂದ್ರ ಗೃಹ ಇಲಾಖೆಗೆ ಹೋಗುತ್ತದೆ, ಸಾಮಾನ್ಯ ಲೈಸೆನ್ಸ್‌ದಾರರು ಕೊಳ್ಳಲಾಗದು. .315 ನಿಷೇಧಿತವಲ್ಲ. ಇಲ್ಲಿ ಒಂದು ತೊಡಕಿದೆ: ಬಿಎಸ್‌ಎ ಕಂಪನಿಯ ಹಳೆಯ .315 ನೋಡಲು ಥೇಟ್ .303ರ ಹಾಗೆಯೇ, ಎರಡೂ ಲೀ ಮಾದರಿಯ ಬೋಲ್ಟ್. ಲೈಸೆನ್ಸ್ ಪುಸ್ತಕದಲ್ಲಿ ತಪ್ಪಾಗಿ ಬರೆದಿರುವುದುಂಟು. ಪುಸ್ತಕ ನಂಬದೆ ನಳಿಗೆಯ ಮೇಲಿನ ಬರಹ ಓದಿ. ತಪ್ಪಿದ್ದರೆ ಮಾರಾಟಕ್ಕೆ ಇಳಿಯುವ ಮುಂಚೆ ಕಚೇರಿಯಲ್ಲಿ ತಿದ್ದಿಸಿ.

.470, .465ರಂಥ ವಿಚಿತ್ರ ಅಳತೆಗಳು ನಮ್ಮಲ್ಲಿ ಸಿಗುವುದಕ್ಕೂ ಕಾರಣವಿದೆ. 1907ರಲ್ಲಿ ಬ್ರಿಟಿಷ್ ಸರ್ಕಾರ .450 ಅನ್ನು ಭಾರತಕ್ಕೆ ತರಿಸುವುದನ್ನು ತಡೆಯಿತು. ಅದನ್ನು ದಾಟಲು ಲಂಡನ್ ಕಂಪನಿಗಳು ಹೊಸ ಅಳತೆಗಳನ್ನು ಮಾಡಿದವು. ಆನೆ, ಕಾಟಿ ಬೇಟೆಯ ಈ ಭಾರಿ ರೈಫಲ್‌ಗಳು ಸಂಗ್ರಾಹಕರಿಗೆ ಅಮೂಲ್ಯ. ಇಲ್ಲಿ ಕೊಳ್ಳುವವರು ಮಾತ್ರ ಕಡಿಮೆ, ತೋಟ ಸಿಗುವುದಿಲ್ಲವಲ್ಲ. .22, .315, .30-06ಕ್ಕೆ ದೇಶದಲ್ಲೇ ತೋಟ ತಯಾರಾಗುತ್ತದೆ. ಹೊರಗಿನಿಂದ ಕೋವಿ ತರಿಸುವುದು 1980ರ ದಶಕದಿಂದ ಹೆಚ್ಚುಕಡಿಮೆ ನಿಂತಿರುವುದರಿಂದ, ಈ ಅಳತೆಯ ಒಳ್ಳೆಯ ವಿದೇಶಿ ರೈಫಲ್‌ಗೆ ಕೊಳ್ಳುವವರು ಬೇಗ ಸಿಗುತ್ತಾರೆ. ಲಂಡನ್ ಹರಾಜಿನ ಬೆಲೆಯನ್ನು ಇಂಟರ್‌ನೆಟ್ಟಿನಲ್ಲಿ ನೋಡಿ ಲೆಕ್ಕ ಹಾಕಬೇಡಿ. ನೂರು ವರ್ಷ ದಾಟಿದ ವಸ್ತು 1972ರ ಪುರಾವಸ್ತು ಕಾಯ್ದೆಗೆ ಒಳಪಡುತ್ತದೆ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ.

ನಳಿಗೆ ನೋಡುವಾಗ ಮೊದಲು ಒಣಬಟ್ಟೆ ಹಾಯಿಸಿ ಎಣ್ಣೆ ತೆಗೆಯಿರಿ. ಎಣ್ಣೆ ಗುಳಿಗಳನ್ನು ಮುಚ್ಚಿಡುತ್ತದೆ. ಬಿಳಿ ಕಾಗದದ ಕಡೆ ಹಿಡಿದು ಚೇಂಬರಿನ ಕಡೆಯಿಂದ ನೋಡಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ, ಬಾಯಿಯ ತನಕ ಒಂದೇ ಸಮನೆ ಕಾಣಬೇಕು. ಉಂಗುರದಂತೆ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಅಂಥದಕ್ಕೆ ರಿಪೇರಿ ಇಲ್ಲ. ಚೇಂಬರಿನ ಮುಂದೆಯೇ ಗುಳಿ ಬಿದ್ದಿದ್ದರೆ ಅದು ಹಳೆಯ ಕಾಲದ ತೋಟದ ಕೇಪಿನ ಉಪ್ಪು ತಿಂದದ್ದು. ಜೋಡಿ ನಳಿಗೆಯನ್ನು ಬಿಡಿಸಿ, ಅದರ ತಳದ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಉಗುರಿನಿಂದ ತಟ್ಟಿ. ಗಂಟೆಯಂತೆ ನಾದ ಹರಿದರೆ ಬೆಸುಗೆ ಗಟ್ಟಿ. 'ಟಕ್' ಎಂದು ನಿಂತರೆ ಎಲ್ಲೋ ಬಿಟ್ಟಿದೆ. ಆಮೇಲೆ ಮುಂಭಾಗದ ಮರವಿಲ್ಲದೆ ನಳಿಗೆ ಜೋಡಿಸಿ, ಮುಚ್ಚಿ ಅಲ್ಲಾಡಿಸಿ. ಕೀಲಿನಲ್ಲಿ ಕದಲಬಾರದು. ಮರದಲ್ಲಿ ಹಿಡಿಯ ಕತ್ತಿನ ಜಾಗ ನೋಡಿ, ಬಿರುಕು ಬರುವುದೇ ಅಲ್ಲಿ. ಹಾರಿಸಿ ನೋಡುವ ಗೋಜಿಗೆ ಹೋಗಲೇಬೇಡಿ. ಬೀರುವಿನಲ್ಲಿ ಸಿಕ್ಕ ಹಳೆಯ ತೋಟಗಳನ್ನು ಲೆಕ್ಕ ಬರೆದು ಕೋವಿಯ ಜೊತೆಗೇ ಠೇವಣಿ ಮಾಡಿ.

ಬೆಲೆಯನ್ನು ಕನಿಷ್ಠ ಇಬ್ಬರು ಡೀಲರ್‌ಗಳಿಂದ ಬರಹದಲ್ಲಿ ಕೇಳಿ. ಕೋವಿ ಒಯ್ಯುವ ಅಗತ್ಯವಿಲ್ಲ, ಗುರುತುಗಳ, ನಳಿಗೆಯ, ಕತ್ತಿನ ಫೋಟೊ ಸಾಕು. ಡೀಲರ್ ತಾನೇ ಕೊಳ್ಳುವ ಬೆಲೆ ಬೇರೆ, ಕಮಿಷನ್ ಮೇಲೆ ಮಾರಿಕೊಡುವ ಬೆಲೆ ಬೇರೆ. ಎರಡನ್ನೂ ಕೇಳಿ. ಅವಸರವಿಲ್ಲದಿದ್ದರೆ ಒಳ್ಳೆಯ ಹೆಸರಿನ ರೈಫಲ್‌ಗೆ ಕಮಿಷನ್ ದಾರಿಯೇ ಲಾಭ. ತಿಂಗಳ ಠೇವಣಿ ಬಾಡಿಗೆ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ. ವರ್ಷಗಟ್ಟಲೆ ಇಟ್ಟ ಸಾಧಾರಣ ಕೋವಿಯ ಬೆಲೆಯನ್ನು ಬಾಡಿಗೆಯೇ ತಿಂದುಬಿಡುತ್ತದೆ.

ಕೊಳ್ಳುವವರು ಸಿಕ್ಕ ಮೇಲೆ ಅವರ ಲೈಸೆನ್ಸ್ ಪುಸ್ತಕ ನೋಡಿ: ಯುಐಎನ್ (ಲೈಸೆನ್ಸ್‌ದಾರರ ವಿಶಿಷ್ಟ ಗುರುತು ಸಂಖ್ಯೆ) ಇದೆಯೇ, ಆ ಬಗೆಯ ಕೋವಿಗೆ ಅನುಮತಿ ಇದೆಯೇ, ಕೊಳ್ಳಲು ಕೊಟ್ಟ ಅವಧಿ ಮುಗಿದಿಲ್ಲ ತಾನೇ, ಅವರ ಬಳಿ ಈಗಾಗಲೇ ಎರಡು ಇಲ್ಲ ತಾನೇ. ಎಲ್ಲ ಸರಿಯಿದ್ದರೆ 5ನೇ ಕಲಂ ಪ್ರಕಾರ ಜಿಲ್ಲಾ ದಂಡಾಧಿಕಾರಿಗೆ ಅಥವಾ ಠಾಣಾಧಿಕಾರಿಗೆ ಮಾರುವ ಉದ್ದೇಶವನ್ನೂ ಕೊಳ್ಳುವವರ ವಿವರವನ್ನೂ ಬರೆದು ಕೊಡಿ. ಕೊಟ್ಟ ದಿನದಿಂದ 45 ದಿನ ಕಳೆಯುವ ತನಕ ಕೋವಿ ಕೈ ಬದಲಾಗಬಾರದು. ಮುಂಗಡ ತೆಗೆದುಕೊಂಡರೂ ಕೋವಿ ಡೀಲರ್ ಬಳಿಯೇ ಇರಲಿ. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಸೀರಿಯಲ್ ನಂಬರ್ ಇರುವ ಮಾರಾಟ ಪತ್ರ ಮಾಡಿ. ಕೊಳ್ಳುವವರ ಪುಸ್ತಕದಲ್ಲಿ ಕೋವಿ ನಮೂದಾದ ಪುಟದ ನಕಲು ಪಡೆದು, ತೀರಿಕೊಂಡವರ ಹೆಸರಿನಿಂದ ಅದನ್ನು ತೆಗೆದುಹಾಕಲು ಲೈಸೆನ್ಸ್ ಕಚೇರಿಗೆ ಅದೇ ವಾರ ಅರ್ಜಿ ಕೊಡಿ. ಈ ಅರ್ಜಿ ಕೊಡದೆ ಬಿಟ್ಟರೆ, ಎಷ್ಟೋ ವರ್ಷದ ಮೇಲೆ ಪರಿಶೀಲನೆಗೆ ಬಂದ ಪೊಲೀಸರು ಆ ಕೋವಿಯನ್ನು ಕೇಳುವುದು ನಿಮ್ಮ ಮನೆಯಲ್ಲೇ.