ಪರದೆ ನೋಡಬೇಕೋ, ರಸ್ತೆ ನೋಡಬೇಕೋ: ಎಸ್‌ಯುವಿ ಕೊಳ್ಳುವ ಮುನ್ನ

ಕಳೆದ ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಗಾಜಿನ ಒಳಮೈಗೆ ಒಮ್ಮೆಲೇ ಮಂಜು ಕವಿಯಿತು. ಹಳೆಯ ಕಾರಿನಲ್ಲಾದರೆ ಕೈ ತಾನಾಗಿ ಮಂಜು ತೆಗೆಯುವ ಗುಂಡಿಯ ಮೇಲೆ ಹೋಗುತ್ತಿತ್ತು. ಹೊಸ ಎಸ್‌ಯುವಿಯಲ್ಲಿ ಅದು ಟಚ್‌ಸ್ಕ್ರೀನಿನ ಎರಡನೇ ಪುಟದಲ್ಲಿ ಅಡಗಿತ್ತು. ಹೆಂಡತಿ ಹುಡುಕಿ ಒತ್ತುವಷ್ಟರಲ್ಲಿ ನಾನು ಅಂಗೈಯಿಂದ ಗಾಜು ಒರೆಸುತ್ತಿದ್ದೆ. ಷೋರೂಮಿನ ಸುತ್ತ ಹತ್ತು ನಿಮಿಷ ಓಡಿಸಿ ಮುಂಗಡ ಕೊಟ್ಟು ಬಂದದ್ದರ ಫಲ.

ಆದ್ದರಿಂದ ಮೊದಲ ಪರೀಕ್ಷೆ ಕಾರು ನಿಂತಿರುವಾಗಲೇ ಆಗಲಿ. ಸೀಟು, ಕನ್ನಡಿ, ಸ್ಟೀರಿಂಗನ್ನು ನಿಮಗೆ ಹೊಂದಿಸಿಕೊಂಡು ಐದು ನಿಮಿಷ ಎಲ್ಲವನ್ನೂ ನೋಡಿಕೊಳ್ಳಿ. ಬಳಿಕ ಕಣ್ಣು ಮುಚ್ಚಿ ವೈಪರ್, ಹಜಾರ್ಡ್ ದೀಪ, ಎ.ಸಿ. ತಂಪು, ಫ್ಯಾನ್ ವೇಗ, ಗಾಜಿನ ಮಂಜು ತೆಗೆಯುವ ಗುಂಡಿ, ಹಾಡಿನ ಸದ್ದು ಇವನ್ನು ಕೈಯಿಂದಲೇ ಹುಡುಕಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಎರಡು ಸೆಕೆಂಡು ಪರದೆ ನೋಡಿದರೆ ಸುಮಾರು ನಾಲ್ಕು ಬಸ್‌ಗಳ ಉದ್ದದಷ್ಟು ದೂರ ರಸ್ತೆ ನೋಡದೆ ಹೋದಂತೆ. ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕೂ ಕೈಗೆ ಸಿಗುವ ಗುಂಡಿಯೋ ಲಿವರೋ ಇರಬೇಕೆನ್ನುತ್ತಿದೆ. ಮಂಜು ತೆಗೆಯುವ ಗುಂಡಿ ಆ ಪಟ್ಟಿಯಲ್ಲಿಲ್ಲ. ಅವರು ಶಿರಾಡಿಯ ಮಳೆ ಕಂಡಿಲ್ಲ.

ಎರಡನೆಯದು ಹೆದ್ದಾರಿ. ಷೋರೂಮಿನವರು ದೂರ ಓಡಿಸಲು ಬಿಡದಿದ್ದರೆ, ಅದೇ ಮಾದರಿಯ ಕಾರನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆಯಿರಿ. ಲಕ್ಷಾಂತರ ರೂಪಾಯಿಯ ವ್ಯವಹಾರದಲ್ಲಿ ಅದು ದುಂದಲ್ಲ. ನೆಲಮಂಗಲ ದಾಟಿ ಹಾಸನದ ಚತುಷ್ಪಥಕ್ಕೆ ಬಂದಮೇಲೆ ಮುಂದಿನ ವಾಹನಕ್ಕೆ ತಕ್ಕಂತೆ ತಾನೇ ವೇಗ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಹಾಕಿ, ಕಾಲನ್ನು ಬ್ರೇಕಿನ ಹತ್ತಿರವೇ ಇಟ್ಟುಕೊಳ್ಳಿ. ಮುಂದಿನ ವಾಹನದಿಂದ ಅದು ಬಿಡುವ ಅಂತರದಲ್ಲಿ ನಮ್ಮಲ್ಲಿ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ. ಆಗ ಕಾರು ನಯವಾಗಿ ನಿಧಾನಿಸುತ್ತದೆಯೋ, ಹಿಂದೆ ತೂಕಡಿಸುತ್ತಿರುವ ಅತ್ತೆಯವರ ಕುತ್ತಿಗೆ ಮುಂದಕ್ಕೆ ವಾಲುವಂತೆ ಬ್ರೇಕ್ ಹಾಕುತ್ತದೆಯೋ ಗಮನಿಸಿ.

ಕಾರನ್ನು ಅದರ ಪಥದೊಳಗೇ ಇರಿಸಲು ನೋಡುವ ಲೇನ್ ಅಸಿಸ್ಟ್ ಇನ್ನೂ ತಂಟೆಯದು. ಹಿಂಬದಿ ನೋಡುವ ಕನ್ನಡಿಯ ಬಳಿಯ ಕ್ಯಾಮೆರಾಕ್ಕೆ ರಸ್ತೆಯ ಗೆರೆಗಳೇ ಆಧಾರ. ಕಾಮಗಾರಿಯ ಜಾಗದಲ್ಲಿ ಹಳೆಯ ಗೆರೆ, ಹೊಸ ಗೆರೆ ಎರಡೂ ಇದ್ದರೆ ಅದು ತಬ್ಬಿಬ್ಬಾಗಬಹುದು. ರಸ್ತೆಯ ಹೊಂಡ ತಪ್ಪಿಸಲು ನೀವು ಇಂಡಿಕೇಟರ್ ಹಾಕದೆ ಸ್ವಲ್ಪ ಬಲಕ್ಕೆ ಸರಿದರೆ ಸ್ಟೀರಿಂಗ್ ಎದುರೆಳೆಯುತ್ತದೆ. ಆ ಎಳೆತವನ್ನು ಎರಡು ಬೆರಳಿನಿಂದ ಮೀರಲು ಆಗಬೇಕು. ಇದನ್ನು ಆರಿಸಲು ಎಷ್ಟು ಸಲ ಒತ್ತಬೇಕು, ಕಾರು ಮತ್ತೆ ಚಾಲೂ ಆದಾಗ ತಾನಾಗಿ ಹತ್ತಿಕೊಳ್ಳುತ್ತದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಅಡ್ಡ ಬಂದದ್ದನ್ನು ಕಂಡು ಕಾರು ತಾನೇ ಹಾಕುವ ತುರ್ತು ಬ್ರೇಕನ್ನು ಮಾತ್ರ ಪರೀಕ್ಷಿಸಲು ಹೋಗಬೇಡಿ. ದೀಪವಿಲ್ಲದ ಟ್ರ್ಯಾಕ್ಟರನ್ನೂ ಎದುರಿನಿಂದ ಬರುವ ಸ್ಕೂಟರನ್ನೂ ಅದು ನೋಡಿಯೇ ನೋಡುತ್ತದೆ ಎಂದು ನಂಬಬೇಡಿ. ಸ್ಟೀರಿಂಗಿಗೂ ವೇಗಕ್ಕೂ ಕಾರೇ ನೆರವಾಗುವ ಲೆವೆಲ್ 2 ಎಂದು ಮಾರಾಟಗಾರ ಎಷ್ಟೇ ಹೊಗಳಲಿ, ಆ ಹಂತದಲ್ಲಿ ರಸ್ತೆಯ ಹೊಣೆ ಚಾಲಕನದೇ.

ಘಾಟಿಯಲ್ಲಿ ಕ್ರೂಸ್ ಬೇಡ. ಇಳಿಜಾರಿನಲ್ಲಿ ಕೆಳಗಿನ ಗೇರ್ ಸುಲಭವಾಗಿ ಸಿಗುತ್ತದೆಯೇ, ಏರಿನಲ್ಲಿ ನಿಂತು ಹೊರಟಾಗ ಕಾರು ಹಿಂದಕ್ಕೆ ಜಾರುತ್ತದೆಯೇ, ಇಷ್ಟು ನೋಡಿದರೆ ಸಾಕು.

ಮರಳುವಾಗ ಕತ್ತಲಾಗಲಿ. ದೊಡ್ಡ ಪರದೆಯ ಬೆಳಕು ಗಾಜಿನಲ್ಲಿ ಪ್ರತಿಫಲಿಸುತ್ತದೆಯೇ? ಒಂದೇ ಒತ್ತಿಗೆ ಅದನ್ನು ಪೂರ್ತಿ ಆರಿಸಬಹುದೇ? ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹಿಂದಿನ ಸೀಟಿನವರನ್ನು ಕೇಳಿ. ಅವರ ಎ.ಸಿ. ಗಾಳಿಯನ್ನು ಹೆಚ್ಚು ಕಡಿಮೆ ಮಾಡಲು ಮುಂದಿನವರ ಪರದೆಗೇ ಮೊರೆ ಹೋಗಬೇಕಾದರೆ, ಮುಂದಿನ ನೂರು ಕಿಲೋಮೀಟರ್ ನಿಮಗೆ ಕೇಳಿಸುವುದು ಹಾಡಲ್ಲ, ಅತ್ತೆಯವರ ಕೆಮ್ಮು.